ಹಾಸನ–ಚಿಕ್ಕಮಗಳೂರು ಸೀಮೆಯ ಕಾಂತಕ್ಷೇತ್ರ: ಪ್ರೋಟಾನ್ ಮ್ಯಾಗ್ನೆಟೋಮೀಟರ್ ಕಟ್ಟುವುದು, ಗೂಟ ನೆಡುವುದು, ಲೆಕ್ಕ ಹಾಕುವುದು

ಹಾಸನದ ಸುತ್ತ ಭೂಮಿಯ ಕಾಂತಕ್ಷೇತ್ರದ ಒಟ್ಟು ಬಲ ಸುಮಾರು 41,000 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಅಳತೆ, ಟೆಸ್ಲಾದ ನೂರು ಕೋಟಿಯಲ್ಲಿ ಒಂದು ಪಾಲು). ಅದರಲ್ಲಿ ಮೂರು ಪಾಲು ಬೆರೆತಿವೆ. ಬಹುಪಾಲು ಬರುವುದು ಭೂಮಿಯ ಹೊರಗರ್ಭದಲ್ಲಿ ಹರಿಯುವ ಕರಗಿದ ಕಬ್ಬಿಣದಿಂದ. ಇದು ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಬದಲಾಗುತ್ತದೆ. ಎರಡನೆಯದು ಕಾಲಡಿಯ ಬಂಡೆಯದು. ಅದು ಹತ್ತಾರು ನ್ಯಾನೋಟೆಸ್ಲಾದಿಂದ ಸಾವಿರದಾಚೆಗೂ ಹೋಗಬಹುದು, ಆದರೆ ನಮ್ಮ ಜೀವಮಾನದಲ್ಲಿ ಕದಲುವುದಿಲ್ಲ. ಮೂರನೆಯದು ನೂರು ಕಿಲೋಮೀಟರ್ ಎತ್ತರದಲ್ಲೂ ಅದರಾಚೆಗೂ ಹರಿಯುವ ವಿದ್ಯುತ್ತಿನದು. ಅದು ಗಂಟೆಗಂಟೆಗೂ ಏರಿಳಿಯುತ್ತದೆ. ಸೀಮೆಯ ಕ್ಷೇತ್ರ ಹೇಗೆ ಬದಲಾಗುತ್ತಿದೆ ಎಂದು ತಿಳಿಯಬೇಕಾದರೆ ಈ ಮೂರನ್ನೂ ಬಿಡಿಸಬೇಕು. ಕೆಳಗಿನ ಕೆಲಸವೆಲ್ಲ ಇರುವುದು ಅದಕ್ಕೇ.

ಇಡೀ ಜಗತ್ತಿನ ಭೂಕಾಂತಕ್ಷೇತ್ರವನ್ನು ಲೆಕ್ಕ ಹಾಕಲು ಬಳಸುವ ಐಜಿಆರ್‌ಎಫ್ ಎಂಬ ಗಣಿತ ಮಾದರಿ 13ನೇ ದರ್ಜೆಯವರೆಗೆ ಹೋಗುತ್ತದೆ. ಅಂದರೆ ಸುಮಾರು 3,000 ಕಿಲೋಮೀಟರಿಗಿಂತ ಚಿಕ್ಕ ಏರಿಳಿತ ಅದರಲ್ಲಿ ಕಾಣುವುದೇ ಇಲ್ಲ. ಐದು ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡುತ್ತಾರೆ. 2024ರ ಕೊನೆಗೆ ಬಂದ 14ನೇ ಆವೃತ್ತಿ 2030ರವರೆಗೆ ನಡೆಯುತ್ತದೆ. ಬಾಬಾಬುಡನ್ ಗಿರಿಯ ಕಬ್ಬಿಣದ ಅದಿರಾಗಲಿ, ನುಗ್ಗೇಹಳ್ಳಿ ಪಟ್ಟಿಯ ಮ್ಯಾಗ್ನೆಟೈಟ್ (ಬಲವಾದ ಕಾಂತಗುಣದ ಕಬ್ಬಿಣದ ಖನಿಜ) ಆಗಲಿ ಅದಕ್ಕೆ ಗೊತ್ತಿಲ್ಲ. ಅಲಿಬಾಗ್, ಹೈದರಾಬಾದ್, ತಿರುನೆಲ್ವೇಲಿಯ ಕಾಂತ ವೀಕ್ಷಣಾಲಯಗಳು ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಹಾಗಾಗಿ ಸ್ಥಳೀಯ ಅಳತೆಗೆ ಬೆಲೆ ಇದೆ.

ಸಂವೇದಕದ ತಲೆ

ಕಾಂತಕ್ಷೇತ್ರ ಅಳೆಯುವ ಉಪಕರಣವಾದ ಪ್ರೋಟಾನ್ ಮ್ಯಾಗ್ನೆಟೋಮೀಟರಿನ ತತ್ವ ಸರಳ. ನೀರಿನಲ್ಲಿರುವ ಹೈಡ್ರೋಜನ್ ಪ್ರೋಟಾನುಗಳನ್ನು ಕಾಯಿಲಿನ (ತಂತಿಸುರುಳಿಯ) ಬಲವಾದ ಕ್ಷೇತ್ರದಿಂದ ಒಂದು ದಿಕ್ಕಿಗೆ ತಿರುಗಿಸಿ, ಕರೆಂಟನ್ನು ತಟ್ಟನೆ ಕಡಿದರೆ, ಅವು ಭೂಮಿಯ ಕ್ಷೇತ್ರದ ಸುತ್ತ ಸುತ್ತತೊಡಗುತ್ತವೆ. ಸುತ್ತುವ ಆವರ್ತನಕ್ಕೆ ಬೇಕಾದ್ದು ಒಂದೇ ಸಂಖ್ಯೆ: ಪ್ರತಿ ಹರ್ಟ್ಜ್‌ಗೆ 23.4872 ನ್ಯಾನೋಟೆಸ್ಲಾ. 41,000ಕ್ಕೆ 1,745.6 ಹರ್ಟ್ಜ್ ಬರುತ್ತದೆ. ಇದು ಪ್ರಕೃತಿಯ ಸ್ಥಿರಾಂಕ, ಕಾಲಕ್ರಮದಲ್ಲಿ ಜಾರುವ ಪ್ರಶ್ನೆಯೇ ಇಲ್ಲ. ಹತ್ತು ವರ್ಷ ಬಿಟ್ಟು ಬಂದು ಅಳೆದರೂ ಹಳೆಯ ಓದಿಗೆ ಹೋಲಿಸಬಹುದು. ದೀರ್ಘಕಾಲದ ಬದಲಾವಣೆ ಹಿಡಿಯುವವರಿಗೆ ಈ ಉಪಕರಣವನ್ನೇ ಹೇಳುವುದು ಆ ಕಾರಣಕ್ಕೆ.

ಎರಡು ಒಂದೇ ಥರದ ಕಾಯಿಲ್ ಬೇಕು. 75 ಮಿಮೀ ಹೊರವ್ಯಾಸದ ಪಿವಿಸಿ ಪೈಪನ್ನು 95 ಮಿಮೀ ಉದ್ದಕ್ಕೆ ಎರಡು ತುಂಡು ಕತ್ತರಿಸಿ. ಮಧ್ಯದ 75 ಮಿಮೀ ಜಾಗದಲ್ಲಿ 22 ಗೇಜ್ ಎನಾಮೆಲ್ ತಾಮ್ರದ ತಂತಿಯನ್ನು ಆರು ಪದರ, ಪದರಕ್ಕೆ ಸುಮಾರು ನೂರು ಸುತ್ತಿನಂತೆ 600 ಸುತ್ತು ಸುತ್ತಿ. ಎರಡಕ್ಕೂ ಸೇರಿ 300 ಮೀಟರ್, ತೂಕದಲ್ಲಿ ಒಂದು ಕಿಲೋಗಿಂತ ತುಸು ಹೆಚ್ಚು. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಅಲ್ಲಿನ ಸುತ್ತುವ ಯಂತ್ರದಲ್ಲೇ ಸುತ್ತಿಸಿಕೊಂಡರೆ ಪದರ ಸಾಲಾಗಿ ಕೂರುತ್ತದೆ. ಪದರದ ನಡುವೆ ಪಾಲಿಯೆಸ್ಟರ್ ಟೇಪು ಸಾಕು. ಸುತ್ತಿದ ಮೇಲೆ ವಾರ್ನಿಶ್ ಹಾಕಲೇಬೇಕು. ಸಡಿಲ ಸುತ್ತು ಗಾಳಿಗೆ ಅದುರಿದರೆ ಭೂಮಿಯ ಕ್ಷೇತ್ರದಲ್ಲೇ ವೋಲ್ಟೇಜ್ ಹುಟ್ಟಿ ಗದ್ದಲವಾಗುತ್ತದೆ.

ಹೀಗೆ ಸುತ್ತಿದ ಒಂದು ಕಾಯಿಲಿನ ರೋಧ 6.5 ಓಮ್, ಇಂಡಕ್ಟೆನ್ಸ್ 18 ಮಿಲಿಹೆನ್ರಿ ಆಸುಪಾಸು. ಎರಡನ್ನೂ ಸರಣಿಯಲ್ಲಿ, ಆದರೆ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಅಕ್ಷಗಳು ಸಮಾಂತರವಾಗಿರುವಂತೆ ಪಕ್ಕಪಕ್ಕ 15 ಸೆಂಮೀ ದೂರದಲ್ಲಿ ನಿಲ್ಲಿಸಿ. ದೂರದ ಕರೆಂಟ್ ಲೈನಿನ ಗದ್ದಲ ಎರಡರಲ್ಲೂ ಸಮನಾಗಿ ಬಂದು ಒಂದನ್ನೊಂದು ಅಳಿಸುತ್ತದೆ. ಪ್ರೋಟಾನಿನ ಸಿಗ್ನಲ್ ಮಾತ್ರ ಕೂಡಿಕೊಳ್ಳುತ್ತದೆ, ಏಕೆಂದರೆ ಎರಡು ಬಾಟಲಿಯ ಪ್ರೋಟಾನುಗಳೂ ಎದುರುಬದುರು ದಿಕ್ಕಿಗೆ ತಿರುಗಿರುತ್ತವೆ. ಒಂದು ಕಾಯಿಲಿನಲ್ಲಿ ನಾಲ್ಕಾರು ಸುತ್ತು ಹೆಚ್ಚುಕಮ್ಮಿಯಾದರೂ ಗದ್ದಲ ಪೂರ್ತಿ ಅಳಿಯುವುದಿಲ್ಲ. ಎಣಿಕೆಯಲ್ಲಿ ರಾಜಿ ಬೇಡ.

ಒಳಗಿಡಲು 65 ಮಿಮೀ ವ್ಯಾಸದ 250 ಮಿಲೀ ಪ್ಲಾಸ್ಟಿಕ್ ಬಾಟಲಿ. ತುಂಬಲು ಸೀಮೆಎಣ್ಣೆ ಆಗುತ್ತದೆ, ಆದರೆ ಈಗ ಅದು ಸಿಗುವುದೇ ಕಷ್ಟ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಸಾಕು. ಅದನ್ನು ಕುದಿಸಿ ಆರಿಸಿ, ಗಾಳಿಗುಳ್ಳೆ ಇಲ್ಲದಂತೆ ತುಂಬಿ. ನೀರಿನಲ್ಲಿ ಕರಗಿದ ಆಮ್ಲಜನಕ ಪ್ಯಾರಾಮ್ಯಾಗ್ನೆಟಿಕ್, ಸಿಗ್ನಲನ್ನು ಬೇಗ ಸಾಯಿಸುತ್ತದೆ. ಕೊಳವೆಬಾವಿ ನೀರಂತೂ ಬೇಡವೇ ಬೇಡ, ಅದರಲ್ಲಿ ಕಬ್ಬಿಣ, ಮ್ಯಾಂಗನೀಸ್ ಇರುತ್ತವೆ.

ನಮ್ಮ ಅಕ್ಷಾಂಶದಲ್ಲಿ ಒಂದು ದೊಡ್ಡ ಅನುಕೂಲವಿದೆ. ಸಿಗ್ನಲ್ ಚೆನ್ನಾಗಿ ಬರಬೇಕಾದರೆ ಕಾಯಿಲಿನ ಅಕ್ಷ ಭೂಕ್ಷೇತ್ರಕ್ಕೆ ಅಡ್ಡಲಾಗಿರಬೇಕು. ಇಲ್ಲಿ ಡಿಪ್ ಕೋನ (ಕ್ಷೇತ್ರ ನೆಲಮಟ್ಟದಿಂದ ಬಾಗಿರುವ ಕೋನ) ಸುಮಾರು 13 ಡಿಗ್ರಿ, ಅಂದರೆ ಕ್ಷೇತ್ರ ಹೆಚ್ಚೂಕಡಿಮೆ ನೆಲಕ್ಕೆ ಸಮನಾಗಿ ಉತ್ತರಕ್ಕೆ ಮಲಗಿದೆ. ಕಾಯಿಲನ್ನು ನೆಟ್ಟಗೆ ನಿಲ್ಲಿಸಿದರೆ ಯಾವ ಕಡೆ ತಿರುಗಿಸಿದರೂ 77 ಡಿಗ್ರಿ ಸಿಗುತ್ತದೆ. ಪೂರ್ವ–ಪಶ್ಚಿಮಕ್ಕೆ ಮಲಗಿಸಿದಾಗ ಸಿಗುವ ಸಿಗ್ನಲಿನ ನೂರಕ್ಕೆ 95 ಪಾಲು. ಪ್ರತಿ ಗೂಟದಲ್ಲೂ (ಅಳೆಯುವ ಜಾಗದ ಗುರುತಿಗೆ ಹೂತ ಕಲ್ಲು) ದಿಕ್ಸೂಚಿ ಹಿಡಿದು ಹೊಂದಿಸುವ ಕೆಲಸವೇ ಇಲ್ಲ. ಐರೋಪ್ಯ ವಿನ್ಯಾಸಗಳಲ್ಲಿ ಕಾಯಿಲ್ ಮಲಗಿರುತ್ತದೆ, ಅಲ್ಲಿ ಡಿಪ್ 60 ಡಿಗ್ರಿ ದಾಟುತ್ತದೆ. ಅದನ್ನು ಹಾಗೇ ನಕಲು ಮಾಡಿ ಇಲ್ಲಿ ಉತ್ತರ–ದಕ್ಷಿಣಕ್ಕೆ ಮಲಗಿಸಿದರೆ ಸಿಗ್ನಲ್ ಬರುವುದೇ ಇಲ್ಲ.

ಕರೆಂಟ್ ಹರಿಸುವುದು, ಕಡಿಯುವುದು

12 ವೋಲ್ಟ್ 7 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯಿಂದ ಸುಮಾರು 1 ಆಂಪಿಯರನ್ನು 3–4 ಸೆಕೆಂಡು ಹರಿಸಿ. ಒಂದು ಓದಿಗೆ ಒಂದು ಮಿಲಿಆಂಪಿಯರ್-ಅವರ್ ಹೋಗುತ್ತದೆ, ಒಂದು ಚಾರ್ಜಿನಲ್ಲಿ ದಿನಗಟ್ಟಲೆ ಕೆಲಸ ನಡೆಯುತ್ತದೆ. ಕಡಿಯಲು ಐಆರ್‌ಎಫ್840 ಮಾಸ್ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್), ಅದರ ಡ್ರೈನ್–ಸೋರ್ಸ್ ತುದಿಗಳ ನಡುವೆ ವೋಲ್ಟೇಜ್ 200 ಮೀರದಂತೆ ತಡೆಯುವ ಟಿವಿಎಸ್ ಡಯೋಡ್. ಇಲ್ಲಿ ಹಲವರು ಅಭ್ಯಾಸಬಲದಿಂದ ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕುತ್ತಾರೆ. ಹಾಕಿದರೆ ಕರೆಂಟ್ ಇಳಿಯಲು ಹಲವು ಮಿಲಿಸೆಕೆಂಡು ಹಿಡಿಯುತ್ತದೆ. ಪ್ರೋಟಾನಿನ ಒಂದು ಸುತ್ತಿಗೆ ಬೇಕಾಗುವುದು 0.57 ಮಿಲಿಸೆಕೆಂಡು ಮಾತ್ರ. ಕ್ಷೇತ್ರ ನಿಧಾನ ಇಳಿದರೆ ಪ್ರೋಟಾನುಗಳು ಅದನ್ನೇ ಹಿಂಬಾಲಿಸಿ ಭೂಕ್ಷೇತ್ರದ ದಿಕ್ಕಿಗೆ ಮಲಗಿಬಿಡುತ್ತವೆ, ಸುತ್ತುವುದಿಲ್ಲ. 200 ವೋಲ್ಟಿಗೆ ಏರಲು ಬಿಟ್ಟರೆ ಇಡೀ ಕರೆಂಟ್ 0.2 ಮಿಲಿಸೆಕೆಂಡಿನೊಳಗೆ ಸೊನ್ನೆ. ಎಲ್ಲ ಸರಿಯಿದ್ದೂ ಸಿಗ್ನಲ್ ಬರುತ್ತಿಲ್ಲ ಎಂದಾಗ ಮೊದಲು ನೋಡಬೇಕಾದ್ದು ಇದನ್ನೇ.

ಕಾಯಿಲನ್ನು ಆಂಪ್ಲಿಫೈಯರಿಗೆ ಬದಲಾಯಿಸಲು ಎರಡು ಕಂಬದ ರಿಲೇ. ಕರೆಂಟ್ ಕಡಿಯುವುದು ಮಾಸ್ಫೆಟ್ಟಿನ ಕೆಲಸ, ರಿಲೇ 10 ಮಿಲಿಸೆಕೆಂಡು ತಡವಾಗಿ ಹೊರಳಲಿ. ಇಲ್ಲದಿದ್ದರೆ ಅದರ ತುದಿಗಳು ಸುಟ್ಟು ಹೋಗುತ್ತವೆ. ಹೊರಳಿದ ಮೇಲೂ ಟ್ಯೂನ್ ಆದ ಕಾಯಿಲ್ ಸ್ವಲ್ಪ ಹೊತ್ತು ತಾನೇ ಅನುರಣಿಸುತ್ತದೆ, 100 ಮಿಲಿಸೆಕೆಂಡು ಕಾಯ್ದು ಓದಲು ಶುರುಮಾಡಿ. ರಿಲೇಯಲ್ಲಿ ಕಬ್ಬಿಣವಿದೆ. ಎಲೆಕ್ಟ್ರಾನಿಕ್ಸ್ ಪೆಟ್ಟಿಗೆಯೂ ಬ್ಯಾಟರಿಯೂ ತಲೆಯಿಂದ 5 ಮೀಟರ್ ಶೀಲ್ಡ್ ಕೇಬಲಿನ ಆಚೆಗಿರಲಿ.

1,750 ಹರ್ಟ್ಜ್ ಎಂಬ ಮೋಸ

ಟ್ಯೂನ್ ಮಾಡಲು ಎರಡು ಕಾಯಿಲಿನ ಒಟ್ಟು 37 ಮಿಲಿಹೆನ್ರಿಗೆ 225 ನ್ಯಾನೋಫ್ಯಾರಡ್ ಬೇಕು. 200 ನ್ಯಾನೋಫ್ಯಾರಡ್‌ನಷ್ಟನ್ನು ಖಾಯಂ ಇಟ್ಟು, 4.7, 10, 22ರ ಫಿಲ್ಮ್ ಕೆಪಾಸಿಟರುಗಳನ್ನು ಚಿಕ್ಕ ಸ್ವಿಚ್ಚುಗಳಿಂದ ಸೇರಿಸುವಂತೆ ಮಾಡಿ. ಸೆರಾಮಿಕ್ ಬೇಡ, ಬಿಸಿಲಿಗೆ ಅದರ ಬೆಲೆ ಓಡಾಡುತ್ತದೆ. ಕಾಯಿಲಿನ ಕ್ಯೂ (ಟ್ಯೂನಿಂಗ್ ಎಷ್ಟು ಹರಿತ ಎಂಬ ಅಳತೆ) ಸುಮಾರು 30, ಹಾಗಾಗಿ ಕಿವಿ ತೆರೆದಿರುವುದು 56 ಹರ್ಟ್ಜ್ ಅಗಲಕ್ಕೆ, ಅಂದರೆ 1,300 ನ್ಯಾನೋಟೆಸ್ಲಾಕ್ಕೆ. ಜಾಗ ಬದಲಾಗಿ 1,000 ನ್ಯಾನೋಟೆಸ್ಲಾ ಏರಿದರೆ 11 ನ್ಯಾನೋಫ್ಯಾರಡ್ ಕಮ್ಮಿ ಮಾಡಬೇಕಾಗುತ್ತದೆ.

ಟ್ಯೂನ್ ಆದ ಕಾಯಿಲಿನಿಂದ ಹತ್ತಿಪ್ಪತ್ತು ಮೈಕ್ರೋವೋಲ್ಟ್ ಸಿಗುತ್ತದೆ. ಅದನ್ನು ಹಿಗ್ಗಿಸಲು ಮೊದಲ ಹಂತಕ್ಕೆ ಓಪಿ27 ಆಂಪ್ಲಿಫೈಯರ್ ಚಿಪ್, ನೂರು ಪಟ್ಟು. ಮುಂದೆ ಟಿಎಲ್072ರಲ್ಲಿ 30 ಪಟ್ಟಿನ ಬ್ಯಾಂಡ್‌ಪಾಸ್ (ಬೇಕಾದ ಆವರ್ತನವನ್ನಷ್ಟೇ ಬಿಡುವ ಸೋಸುಗ), ಆಮೇಲೆ ಹತ್ತು ಪಟ್ಟು. ಒಟ್ಟು 30,000. ಆಂಪ್ಲಿಫೈಯರಿನ ಒಳಬಾಗಿಲಲ್ಲಿ ರಕ್ಷಣೆಗೆ 1ಎನ್4148 ಡಯೋಡ್ ಎರಡು, ಎದುರುಬದುರಾಗಿ.

ಇನ್ನು ಮೋಸದ ಮಾತು. ಕರೆಂಟ್ ಲೈನಿನ 50 ಹರ್ಟ್ಜ್‌ನ 35ನೇ ಹಾರ್ಮೋನಿಕ್ (35 ಪಟ್ಟು ಆವರ್ತನದ ಮರಿ ಅಲೆ) ಸರಿಯಾಗಿ 1,750 ಹರ್ಟ್ಜ್. ಅದನ್ನು ಕ್ಷೇತ್ರಕ್ಕೆ ತಿರುಗಿಸಿದರೆ 41,103 ನ್ಯಾನೋಟೆಸ್ಲಾ. ಹಾಸನ ಸೀಮೆಯಲ್ಲಿ ನಿಜವಾಗಿ ಬರಬೇಕಾದ ಓದಿನ ಪಕ್ಕದಲ್ಲೇ ಇದು ಬಂದು ಕೂರುತ್ತದೆ. ಗ್ರಿಡ್ಡಿನ ಆವರ್ತನ 49.90ರಿಂದ 50.05ರವರೆಗೆ ಓಡಾಡುವುದರಿಂದ ಸುಳ್ಳು ಓದೂ 41,020ರಿಂದ 41,144ರ ನಡುವೆ ಮೆಲ್ಲಗೆ ಏರಿಳಿಯುತ್ತದೆ, ಥೇಟ್ ದಿನದ ಏರಿಳಿತದ ಹಾಗೆ. ಬರೀ ಆವರ್ತನ ಎಣಿಸುವ ಸರ್ಕೀಟಿನಲ್ಲಿ ಇದನ್ನು ಕಂಡುಹಿಡಿಯಲು ದಾರಿಯೇ ಇಲ್ಲ. ಸಿಗ್ನಲನ್ನು ಪೂರ್ತಿ ದಾಖಲಿಸಿಕೊಳ್ಳಬೇಕು ಎನ್ನುವುದು ಇದಕ್ಕೆ. ನಿಜವಾದ ಪ್ರೋಟಾನ್ ಸಿಗ್ನಲ್ ಒಂದೆರಡು ಸೆಕೆಂಡಿನಲ್ಲಿ ಸಾಯುತ್ತದೆ, ಲೈನಿನದ್ದು ಸಾಯುವುದಿಲ್ಲ. ಪ್ರತಿ ಓದಿಗೂ ಮೊದಲು ಕರೆಂಟ್ ಹರಿಸದೆ ಎರಡು ಸೆಕೆಂಡು ಖಾಲಿ ದಾಖಲೆ ತೆಗೆಯಿರಿ. ಅದರ ಸ್ಪೆಕ್ಟ್ರಮ್ಮಿನಲ್ಲಿ ಕಾಣುವ ಮೊನೆ ಯಾವುದೋ ಅದು ಲೈನಿನದು. ಸಾಯುವ ಸೈನ್ ಅಲೆಯನ್ನು ಹೊಂದಿಸುವಾಗ ಸಾಯದ ಇನ್ನೊಂದು ಅಲೆಯನ್ನೂ ಜೊತೆಗೆ ಹೊಂದಿಸಿದರೆ ಎರಡೂ ಬೇರೆಯಾಗುತ್ತವೆ. ಎರಡರ ಅಂತರ ಅರ್ಧ ಹರ್ಟ್ಜ್‌ಗಿಂತ ಕಡಿಮೆಯಾದಾಗ ಅದೂ ಕೈಕೊಡುತ್ತದೆ, ಆ ಓದನ್ನು ಬಿಟ್ಟುಬಿಡಿ.

ಹೊಲಗಳ ನಡುವೆ ಕೆಲಸವಿದ್ದರೆ ಆ ಊರಿನ ತ್ರೀ ಫೇಸ್ ಸರದಿ ಯಾವಾಗ ಎಂದು ಕೇಳಿಕೊಂಡು, ಅದಿಲ್ಲದ ಹೊತ್ತಿಗೆ ಹೋಗುವುದು ಒಳ್ಳೆಯದು. ಪಂಪ್‌ಸೆಟ್ಟುಗಳು ನಿಂತಾಗ ಗದ್ದಲ ಎಷ್ಟೋ ಇಳಿಯುತ್ತದೆ. ವಿದ್ಯುತ್ತಿನ ಕಾಟ ಈ ಕೆಲಸಕ್ಕೆ ಹಳೆಯದು. ಮುಂಬಯಿಯಲ್ಲಿ ವಿದ್ಯುತ್ ಟ್ರಾಮ್ ಬರುತ್ತದೆಂದೇ ಕೊಲಾಬಾದ ಕಾಂತ ವೀಕ್ಷಣಾಲಯವನ್ನು 1904ರಲ್ಲಿ ಅಲಿಬಾಗಿಗೆ ಸಾಗಿಸಬೇಕಾಯಿತು.

ದಾಖಲಿಸಲು ರಾಸ್ಪ್‌ಬೆರಿ ಪೈ ಮತ್ತು ಯುಎಸ್‌ಬಿ ಸೌಂಡ್ ಕಾರ್ಡ್, 48 ಕಿಲೋಹರ್ಟ್ಜ್. ಸೌಂಡ್ ಕಾರ್ಡಿನ ಗಡಿಯಾರ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು) ತಪ್ಪಿದ್ದರೆ ಓದಿನಲ್ಲಿ 2 ನ್ಯಾನೋಟೆಸ್ಲಾ ತಪ್ಪು, ಬಿಸಿಲೇರಿದಂತೆ ಅದೂ ಬದಲಾಗುತ್ತದೆ. ಪರಿಹಾರ ಅಗ್ಗದ್ದು: ನಿಯೋ-6ಎಂ ಜಿಪಿಎಸ್ ಮಾಡ್ಯೂಲಿನ ಸೆಕೆಂಡಿಗೊಂದು ಪಲ್ಸನ್ನು ರೆಸಿಸ್ಟರಿನಿಂದ ಇಳಿಸಿ ಬಲ ಚಾನೆಲಿಗೆ ಕೊಡಿ, ಎಡ ಚಾನೆಲಿಗೆ ಸಿಗ್ನಲ್. ಇಪ್ಪತ್ತು ಸೆಕೆಂಡಿನಲ್ಲಿ ಎಷ್ಟು ಸ್ಯಾಂಪಲ್ ಬಂತೆಂದು ಎಣಿಸಿದರೆ ನಿಜವಾದ ದರ ಒಂದು ಪಿಪಿಎಂ ಒಳಗೆ ಸಿಗುತ್ತದೆ. ಅಗ್ಗದ ಕಾರ್ಡುಗಳಲ್ಲಿ ಮೈಕ್ ಕಿಂಡಿ ಮೊನೋ ಇರುತ್ತದೆ. ಸ್ಟೀರಿಯೋ ಲೈನ್-ಇನ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ಮೂಲ ಕೇಂದ್ರ

ಒಂದು ಉಪಕರಣ ಊರೂರು ತಿರುಗುವಾಗ ಇನ್ನೊಂದು ಒಂದೇ ಕಡೆ ಕೂತು ಆಕಾಶದ ಏರಿಳಿತ ಬರೆಯುತ್ತಿರಬೇಕು. ಸಾಮಾನ್ಯ ದಿನಗಳಲ್ಲಿ ಕ್ಷೇತ್ರ ಬೆಳಿಗ್ಗೆ ಏರುತ್ತಾ ಹನ್ನೊಂದು–ಹನ್ನೆರಡು ಗಂಟೆ ಹೊತ್ತಿಗೆ ತುದಿ ಮುಟ್ಟಿ ಸಂಜೆಗೆ ಇಳಿಯುತ್ತದೆ, 40–60 ನ್ಯಾನೋಟೆಸ್ಲಾದಷ್ಟು. ಡಿಪ್ ಸೊನ್ನೆಯಾಗುವ ಕಾಂತ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾಯುತ್ತದೆ. ಅದರ ಮೇಲೆ ಹಗಲು ಹೊತ್ತು ಹರಿಯುವ ಈಕ್ವಟೋರಿಯಲ್ ಎಲೆಕ್ಟ್ರೋಜೆಟ್ ಎಂಬ ವಿದ್ಯುತ್ ಪ್ರವಾಹ ಈ ಏರಿಕೆಯನ್ನು ತಿರುನೆಲ್ವೇಲಿಯಲ್ಲಿ ನೂರು ದಾಟಿಸುತ್ತದೆ. ಹಾಸನ ಅದರ ಅಂಚಿನಾಚೆ ಇದ್ದರೂ ತೀರಾ ದೂರವಲ್ಲ. ಆದ್ದರಿಂದ ಹಗಲಿನ ತಿದ್ದುಪಡಿಗೆ ಅಲಿಬಾಗಿನ ಅಥವಾ ತಿರುನೆಲ್ವೇಲಿಯ ದಾಖಲೆ ಒಗ್ಗುವುದಿಲ್ಲ. ಮೂಲ ಕೇಂದ್ರ ಇಲ್ಲೇ ಬೇಕು.

ಅಲ್ಲಿ ಎರಡು ಸಂವೇದಕ ಇಡಿ: ನಿಮಿಷಕ್ಕೊಂದು ಓದುವ ಪ್ರೋಟಾನ್ ತಲೆ, ಅದರಿಂದ 10 ಮೀಟರ್ ದೂರದಲ್ಲಿ ಮೂರು ಅಕ್ಷದ ಆರ್‌ಎಂ3100 ಎಂಬ ಕಾಂತ ಸಂವೇದಕ. ಆರ್‌ಎಂ3100ರ ಸೈಕಲ್ ಕೌಂಟ್ (ಸೂಕ್ಷ್ಮತೆ ನಿರ್ಧರಿಸುವ ಸೆಟ್ಟಿಂಗ್) 200 ಇಟ್ಟರೆ ಒಂದು ಎಣಿಕೆಗೆ 13 ನ್ಯಾನೋಟೆಸ್ಲಾ. ನಿಮಿಷದ ಸರಾಸರಿ ತೆಗೆದರೆ ಅದಕ್ಕಿಂತ ಎಷ್ಟೋ ಸೂಕ್ಷ್ಮವಾಗುತ್ತದೆ. ಅದರ ಶತ್ರು ತಾಪಮಾನ. ಒಂದು ಮೀಟರ್ ಆಳದ ಗುಂಡಿಯಲ್ಲಿ 110 ಮಿಮೀ ಪಿವಿಸಿ ಪೈಪ್ ನೆಟ್ಟು, ತಳಕ್ಕೆ ಎಂಡ್ ಕ್ಯಾಪ್ ಅಂಟಿಸಿ, ಸಿಲಿಕಾ ಜೆಲ್ ಜೊತೆ ಒಳಗಿಳಿಸಿ. ಮಲೆನಾಡಿನ ಮಳೆಯಲ್ಲಿ ನೀರು ಬರುವುದು ತಳದಿಂದಲ್ಲ, ಕೇಬಲ್ ಹಾದುಬರುವ ತೂತಿನಿಂದ. ಆ ತೂತು ಪೈಪಿನ ಬದಿಯಲ್ಲಿ, ಕೆಳಮುಖವಾಗಿ ಇರಲಿ. ಅದು ಓದನ್ನು ಕಳಿಸುವ ಐ2ಸಿ ಸಿಗ್ನಲ್ ಉದ್ದ ಕೇಬಲಿನಲ್ಲಿ ಕೆಡುತ್ತದೆ, ಎರಡು ತುದಿಗೂ ಅದನ್ನು ದೂರಕ್ಕೆ ಸಾಗಿಸುವ ಪಿಸಿಎ9615 ಚಿಪ್ ಹಾಕಿ ನೆಟ್‌ವರ್ಕ್ ಕೇಬಲ್ ಬಳಸಿ.

ಕೂರಿಸುವಾಗ ಎಕ್ಸ್ ಅಕ್ಷ ಉತ್ತರಕ್ಕೆ ನೋಡುವಂತೆ ತಿರುಗಿಸುತ್ತಾ ವೈ ಓದು ಸೊನ್ನೆಗೆ ಬರುವಲ್ಲಿ ನಿಲ್ಲಿಸಿ. ಆಗ ಒಟ್ಟು ಬಲದ ಏರಿಳಿತವೆಂದರೆ ಎಕ್ಸ್ ಏರಿಳಿತದ 0.974 ಪಾಲು ಮತ್ತು ಜೆಡ್ ಏರಿಳಿತದ 0.225 ಪಾಲು ಕೂಡಿದ್ದು. ಇದನ್ನು ಪ್ರೋಟಾನ್ ಓದಿನ ಪಕ್ಕ ಇಟ್ಟು ನೋಡಿದರೆ ಆರ್‌ಎಂ3100ರ ಜಾರಾಟ ಎದ್ದು ಕಾಣುತ್ತದೆ.

ಕೇಂದ್ರ ಕಟ್ಟುವಾಗ ಇಟ್ಟಿಗೆ, ಮಂಗಳೂರು ಹೆಂಚು ಹತ್ತಿರ ಸುಳಿಯಬಾರದು. ಸುಟ್ಟ ಜೇಡಿಮಣ್ಣು ಆರುವಾಗ ಅಂದಿನ ಭೂಕ್ಷೇತ್ರವನ್ನು ಹಿಡಿದಿಟ್ಟುಕೊಂಡು ತಾನೇ ಆಯಸ್ಕಾಂತವಾಗಿರುತ್ತದೆ. ಜಂಬಿಟ್ಟಿಗೆ ಕಲ್ಲೂ ಬೇಡ, ಕೆಂಪುಮಣ್ಣಿನಲ್ಲಿ ಮ್ಯಾಗ್ಹೆಮೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ ಇರುತ್ತದೆ. ಮರಳನ್ನು ಕಾಗದದ ಮೇಲೆ ಹರಡಿ ಕೆಳಗಿನಿಂದ ಬಲವಾದ ಆಯಸ್ಕಾಂತ ಆಡಿಸಿ. ಕರಿಕಣಗಳು ಎದ್ದು ನಿಂತರೆ ಆ ಮರಳು ಬಿಡಿ. ಸ್ಕ್ರೂ ಬೇಕಾದಲ್ಲಿ ನೈಲಾನ್. ಹಿತ್ತಾಳೆ ಎಂದು ಮಾರುವುದರಲ್ಲಿ ಕಬ್ಬಿಣ ಬೆರೆತಿರಬಹುದು, ಒಂದೊಂದನ್ನೂ ತಲೆಯ ಹತ್ತಿರ ಹಿಡಿದು ಓದು ಬದಲಾಗುತ್ತದೆಯೇ ನೋಡಿ.

ಗೂಟ

ಈ ಇಡೀ ಕೆಲಸದಲ್ಲಿ ಉಪಕರಣಕ್ಕಿಂತ ಮುಖ್ಯವಾದದ್ದು ಗೂಟ. ಬಂಡೆಯ ಪಾಲು ಅಡಿ ಅಡಿಗೂ ಬೇರೆ, ಆದರೆ ಕಾಲಕ್ಕೆ ಬದಲಾಗುವುದಿಲ್ಲ. ಅದೇ ಗೂಟ, ಅದೇ ಎತ್ತರದಲ್ಲಿ ಮತ್ತೆ ಅಳೆದು ಹಿಂದಿನದನ್ನು ಕಳೆದರೆ ಬಂಡೆ ಲೆಕ್ಕದಿಂದ ತಾನಾಗಿ ಹೊರಬೀಳುತ್ತದೆ. ಬೇರೆ ಬೇರೆ ಜಾಗಗಳಲ್ಲಿ ತೆಗೆದ ಎರಡು ವರ್ಷದ ಎರಡು ನಕ್ಷೆಗಳನ್ನು ಕಳೆಯಲು ಹೋದರೆ ಬರುವುದು ಬಂಡೆಯ ವ್ಯತ್ಯಾಸವೇ ಹೊರತು ಕಾಲದ ಬದಲಾವಣೆಯಲ್ಲ. ಬಂಡೆಯಲ್ಲಿ ಭೂಕ್ಷೇತ್ರ ಪ್ರೇರಿಸುವ ಕಾಂತತ್ವವೂ ತುಸು ಬದಲಾಗುತ್ತದೆ ನಿಜ. ಆದರೆ ಕ್ಷೇತ್ರ 50 ನ್ಯಾನೋಟೆಸ್ಲಾ ಏರಿದಾಗ 1,000 ನ್ಯಾನೋಟೆಸ್ಲಾದ ಬಂಡೆಯ ಪಾಲಿನಲ್ಲಿ ಆಗುವ ವ್ಯತ್ಯಾಸ ಒಂದೇ ಒಂದು.

ಇಪ್ಪತ್ತು ಗೂಟ ಇದ್ದರೆ ಎರಡು ಜಿಲ್ಲೆಗೆ ಸಾಕು. ಅರಸೀಕೆರೆ, ಬೇಲೂರು, ಹಾಸನ, ಕಡೂರು ಕಡೆಯ ನೈಸ್ ಬಂಡೆಯ ಬಯಲು ಒಳ್ಳೆಯ ನೆಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ, ಬೈರಾಪುರದ ಪಟ್ಟಿ, ಕೆಮ್ಮಣ್ಣುಗುಂಡಿ, ಬಾಬಾಬುಡನ್ ಗಿರಿಯ ಸಾಲು, 2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖ, ಇವೆಲ್ಲ ಬಂಡೆಯ ನಕ್ಷೆಗೆ ಸೊಗಸು, ಕಾಲದ ಬದಲಾವಣೆಯ ಗೂಟಕ್ಕೆ ಬೇಡ. ಅಲ್ಲಿ ಗೂಟದಿಂದ ಒಂದು ಗೇಣು ಸರಿದರೂ ಓದು ಹತ್ತಾರು ಬದಲಾಗಬಹುದು. ಬೆಟ್ಟದ ನೆತ್ತಿಯನ್ನೂ ಬಿಡಿ. ಸಿಡಿಲು ಹೊಡೆದ ಬಂಡೆ ಆ ಕ್ಷಣದ ಕರೆಂಟಿನಿಂದಲೇ ಬಲವಾಗಿ ಕಾಂತೀಕರಣಗೊಂಡಿರುತ್ತದೆ, ಮುಂದಿನ ಮುಂಗಾರು ಪೂರ್ವ ಮಳೆಯಲ್ಲಿ ಮತ್ತೊಂದು ಸಿಡಿಲು ಅದನ್ನು ಬದಲಿಸಲೂಬಹುದು. ಮೊದಲ ಆಯ್ಕೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ ತಾಣದ ಭೂವಿಜ್ಞಾನ ನಕ್ಷೆ ತೆರೆದು ಡೈಕುಗಳು (ಬಂಡೆಯ ಬಿರುಕಿನಲ್ಲಿ ಗೋಡೆಯಂತೆ ನಿಂತ ಅಗ್ನಿಶಿಲೆ) ಎಲ್ಲಿ ಹಾದಿವೆ ನೋಡಿಕೊಳ್ಳಿ.

ಜಾಗ ಒಪ್ಪುವ ಮೊದಲು ನಡುವೆ ಒಂದು, ನಾಲ್ಕು ದಿಕ್ಕಿಗೆ 5 ಮೀಟರಿನಲ್ಲಿ ಒಂದೊಂದು, ನಡುವಿನಲ್ಲೇ ಒಂದು ಮೀಟರ್ ಮೇಲೆ ಇನ್ನೊಂದು ಓದು ತೆಗೆಯಿರಿ. ವ್ಯತ್ಯಾಸ ಮೀಟರಿಗೆ 5 ನ್ಯಾನೋಟೆಸ್ಲಾ ಮೀರಿದರೆ ಆ ಜಾಗ ಬಿಟ್ಟು ಬೇರೆಯದನ್ನು ನೋಡಿ. ಕೊಳವೆಬಾವಿಯ ಕಬ್ಬಿಣದ ಕೇಸಿಂಗಿನಿಂದ 50 ಮೀಟರ್, ಟ್ರಾನ್ಸ್‌ಫಾರ್ಮರ್ ಮತ್ತು ಲೈನಿನಿಂದ 200 ಮೀಟರ್, ನಿಲ್ಲಿಸಿದ ಜೀಪಿನಿಂದ 40 ಮೀಟರ್ ದೂರವಿರಲಿ. ಕಲ್ಲುಕಂಬಕ್ಕೆ ಕಟ್ಟಿದ ಮುಳ್ಳುತಂತಿಯೂ ಕಬ್ಬಿಣವೇ. ತೋಟದ ಅಲ್ಯೂಮಿನಿಯಂ ಸ್ಪ್ರಿಂಕ್ಲರ್ ಪೈಪಿಗೆ ಅಡ್ಡಿಯಿಲ್ಲ, ಜಿಐ ಪೈಪಿಗೆ ಇದೆ. ಗೂಟವೆಂದರೆ ನೆಲಮಟ್ಟಕ್ಕೆ ಹೂತ, ನೆತ್ತಿಯಲ್ಲಿ ಕುಳಿ ತೆಗೆದ ಕಲ್ಲು. ಅದರ ಮೇಲೆ 2 ಮೀಟರ್ ಬಿದಿರಿನ ಗಳದ ತುದಿಗೆ ತಲೆ. ಗಳದ ಉದ್ದ ಯಾವಾಗಲೂ ಅದೇ.

ತೋಟದ ಮಾಲೀಕರನ್ನು ಕೇಳದೆ ಗೂಟ ಹೂಳಬೇಡಿ; ಕೇಳಿದರೆ ಮುಂದಿನ ಸಲವೂ ಗೂಟ ಅಲ್ಲೇ ಇರುತ್ತದೆ. ಮೀಸಲು ಅರಣ್ಯಕ್ಕೆ ಇಲಾಖೆಯ ಅನುಮತಿ ಬೇಕು. ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಡಾನೆ ಓಡಾಟ ಇರುವಲ್ಲಿ ರಾತ್ರಿ ಓದು ಬೇಡವೇ ಬೇಡ. ಮೂಲ ಕೇಂದ್ರ ಸರಿಯಿದ್ದರೆ ಬೆಳಿಗ್ಗೆ ಎಂಟರೊಳಗಿನ ಓದು ಸಾಕಾಗುತ್ತದೆ.

ಪ್ರತಿ ಗೂಟದಲ್ಲಿ ಹತ್ತು ಓದು, ಅರ್ಧ ಗಂಟೆ ಬಿಟ್ಟು ಮತ್ತೆ ಹತ್ತು. ನಡುವೆ ತಲೆಯನ್ನು 90 ಡಿಗ್ರಿ ತಿರುಗಿಸಿ ಓದಿ. ಒಂದು ನ್ಯಾನೋಟೆಸ್ಲಾಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ತಲೆಯಲ್ಲೇ ಎಲ್ಲೋ ಕಬ್ಬಿಣ ಸೇರಿದೆ. ಓದುವವರ ಜೇಬಿನಲ್ಲಿ ಮೊಬೈಲ್, ಕೀಲಿ, ಸೊಂಟದಲ್ಲಿ ಬಕಲ್, ಕೈಯಲ್ಲಿ ಕತ್ತಿ ಇರಬಾರದು. ಮಳೆಯಲ್ಲಿ ಮರೆಯುವುದು ಕೊಡೆಯನ್ನು, ಅದರ ಕಡ್ಡಿಗಳು ಉಕ್ಕಿನವು.

ಲೆಕ್ಕ

ಗೂಟದ ಓದಿನಿಂದ ಮೊದಲು ಆಕಾಶವನ್ನು ಕಳೆಯಬೇಕು. ಅದೇ ನಿಮಿಷದಲ್ಲಿ ಮೂಲ ಕೇಂದ್ರದ ಓದು ತನ್ನ ಶಾಂತ ರಾತ್ರಿಯ ಸರಾಸರಿಗಿಂತ ಎಷ್ಟು ಮೇಲಿತ್ತೋ ಅಷ್ಟನ್ನು ಇಳಿಸಿ. ಕಾಂತ ಬಿರುಗಾಳಿಯ (ಸೂರ್ಯನ ಸ್ಫೋಟದಿಂದ ಭೂಕ್ಷೇತ್ರ ಕದಡುವ) ದಿನದ ಓದು ಲೆಕ್ಕಕ್ಕೆ ಬೇಡ. 2024ರ ಮೇ 10–11ರ ಕಾಂತ ಬಿರುಗಾಳಿಯಲ್ಲಿ ಅದರ ಬಲ ಅಳೆಯುವ ಡಿಎಸ್‌ಟಿ ಸೂಚ್ಯಂಕ ಸುಮಾರು −400 ನ್ಯಾನೋಟೆಸ್ಲಾಕ್ಕೆ ಇಳಿಯಿತು. ಅಂಥ ಹೊತ್ತಿನಲ್ಲಿ ಯಾವ ತಿದ್ದುಪಡಿಯೂ ನಿಲ್ಲುವುದಿಲ್ಲ. ಕ್ಯೋಟೋದ ಡಿಎಸ್‌ಟಿ, ಪಾಟ್ಸ್‌ಡ್ಯಾಮಿನ ಕೆಪಿ ಸೂಚ್ಯಂಕ ನೋಡಿಯೇ ದಿನ ಆರಿಸಿ.

ಆಮೇಲೆ ಪೈಥಾನಿನ ಪಿಪಿಐಜಿಆರ್‌ಎಫ್ ಪ್ಯಾಕೇಜಿನಿಂದ ಆ ಗೂಟದ ಅಕ್ಷಾಂಶ, ರೇಖಾಂಶ, ಎತ್ತರ, ತಾರೀಖಿಗೆ ಮಾದರಿ ಮೌಲ್ಯ ತೆಗೆದು ಕಳೆಯಿರಿ. ಎತ್ತರ ಹಾಕಲು ಮರೆಯಬಾರದು. ಕ್ಷೇತ್ರ ಪ್ರತಿ ಕಿಲೋಮೀಟರ್ ಎತ್ತರಕ್ಕೆ 19 ನ್ಯಾನೋಟೆಸ್ಲಾ ಇಳಿಯುತ್ತದೆ, ಹಾಸನಕ್ಕೂ ಮುಳ್ಳಯ್ಯನಗಿರಿಯ ನೆತ್ತಿಗೂ ಇರುವ ಎತ್ತರದ ಅಂತರ ಸುಮಾರು ಒಂದು ಕಿಲೋಮೀಟರ್. ಉತ್ತರಕ್ಕೆ ಹೋದಂತೆ ಕಿಲೋಮೀಟರಿಗೆ ಸುಮಾರು 2 ಏರುತ್ತದೆ.

ಹೀಗೆ ಕಳೆದ ಮೇಲೆ ಉಳಿದ ಉಳಿಕೆಗೆ ಹೊಂದಿಸುವ ಸಮೀಕರಣ ಇದು: ಉಳಿಕೆ = ಗೂಟದ ಸ್ಥಿರಾಂಕ + ಕಾಲ × (ಬಿ0 + ಬಿ1 × ಉತ್ತರದ ದೂರ + ಬಿ2 × ಪೂರ್ವದ ದೂರ). ಗೂಟಕ್ಕೊಂದು ಸ್ಥಿರಾಂಕ ಬಂಡೆಯ ಪಾಲನ್ನು ನುಂಗಿಕೊಳ್ಳುತ್ತದೆ. ಮೂರು ಬಿ ಸಂಖ್ಯೆಗಳು ಐಜಿಆರ್‌ಎಫ್ ಊಹಿಸಿದ ವಾರ್ಷಿಕ ಬದಲಾವಣೆಗೂ ನಿಜಕ್ಕೂ ಇರುವ ಅಂತರ. ಪೈಥಾನಿನ ನಂಪೈ ಪ್ಯಾಕೇಜಿನ ಲೀಸ್ಟ್ ಸ್ಕ್ವೇರ್ಸ್ (ತಪ್ಪುಗಳ ವರ್ಗಗಳ ಮೊತ್ತ ಕನಿಷ್ಠವಾಗುವಂತೆ ಹೊಂದಿಸುವ ವಿಧಾನ) ಒಂದೇ ಸಾಲಿನಲ್ಲಿ ಬಿಡಿಸುತ್ತದೆ. ಇಲ್ಲಿ ವರ್ಗದ ಪದ, ಘನದ ಪದ ಸೇರಿಸುವ ಆಸೆ ಬರುತ್ತದೆ, ಸೇರಿಸಿದರೆ ಹೊಂದಿಕೆ ಚಂದವಾಗಿಯೂ ಕಾಣುತ್ತದೆ. ಅದು ಸುಳ್ಳು ಚಂದ. ಭೂಗರ್ಭದ ಬದಲಾವಣೆ ಸಾವಿರಾರು ಕಿಲೋಮೀಟರ್ ಅಳತೆಯದು, ನೂರು ಕಿಲೋಮೀಟರ್ ಅಗಲದ ಸೀಮೆಯಲ್ಲಿ ಅದು ಇಳಿಜಾರು ಹಲಗೆಗಿಂತ ಹೆಚ್ಚು ಬಾಗಲಾರದು. ಹೆಚ್ಚಿನ ಪದ ಹಿಡಿಯುವುದು ಕೆಟ್ಟ ಗೂಟವನ್ನು.

ತಪ್ಪಿನ ಅಂದಾಜನ್ನೂ ನೇರ ಹೇಳಬೇಕು. ಓದಿನದು ಅರ್ಧ, ಗೂಟದ ಮೇಲೆ ತಲೆ ಕೂರಿಸುವುದರದು ಒಂದು, ದಿನದ ತಿದ್ದುಪಡಿಯದು ಒಂದೆರಡು. ಒಟ್ಟು 2 ನ್ಯಾನೋಟೆಸ್ಲಾ. ಎರಡು ಭೇಟಿಯ ವ್ಯತ್ಯಾಸಕ್ಕೆ 3. ಇಪ್ಪತ್ತು ಗೂಟದ ಸರಾಸರಿಯಲ್ಲಿ ಅದು ಒಂದಕ್ಕಿಂತ ಕೆಳಗಿಳಿಯುತ್ತದೆ. ಆದರೆ ಮೂಲ ಕೇಂದ್ರದ ತಪ್ಪು ಎಲ್ಲ ಗೂಟಕ್ಕೂ ಸಮನಾಗಿ ಅಂಟುವುದರಿಂದ ಎಷ್ಟು ಗೂಟ ಹಾಕಿದರೂ ಅದು ಇಳಿಯದು. ಕೇಂದ್ರದ ಪಕ್ಕ ಯಾರೋ ಹೊಸ ಶೆಡ್ ಕಟ್ಟಿದರೆ ಇಡೀ ಸೀಮೆಯೇ ಬದಲಾದಂತೆ ಕಾಣುತ್ತದೆ. ಕೇಂದ್ರದಿಂದ 100 ಮೀಟರ್ ಆಚೆ ಒಂದು ಸಾಕ್ಷಿ ಗೂಟ ಇಟ್ಟು ಪ್ರತಿ ತಿಂಗಳು ಎರಡರ ವ್ಯತ್ಯಾಸ ಬರೆದಿಡಿ.

ಬಂಡೆಯ ನಕ್ಷೆ ಬೇಕಾದವರು ಗೂಟವಲ್ಲದ ನೂರಾರು ಬಿಂದುಗಳಲ್ಲಿ ಒಂದೊಂದು ಓದು ತೆಗೆದು ಪೈಥಾನಿನ ಹಾರ್ಮೋನಿಕಾ ಪ್ಯಾಕೇಜಿನ ಈಕ್ವಿವಲೆಂಟ್ ಸೋರ್ಸ್ (ನೆಲದಡಿ ಕಲ್ಪಿತ ಮೂಲಗಳನ್ನಿಟ್ಟು ಓದುಗಳಿಗೆ ಹೊಂದಿಸುವ) ವಿಧಾನದಿಂದ ಜಾಲರಿ ಮಾಡಬಹುದು. ಓದುವಾಗ ಒಂದು ಎಚ್ಚರ ಬೇಕು. ಡಿಪ್ ಇಷ್ಟು ಕಡಿಮೆ ಇರುವಲ್ಲಿ ಮ್ಯಾಗ್ನೆಟೈಟ್ ಗಡ್ಡೆಯ ನೆತ್ತಿಯ ಮೇಲೆ ಕ್ಷೇತ್ರ ಏರುವುದಿಲ್ಲ, ತಗ್ಗುತ್ತದೆ. ಏರಿಕೆ ಕಾಣುವುದು ಅದರ ಉತ್ತರ, ದಕ್ಷಿಣದ ಅಂಚಿನಲ್ಲಿ. ಉತ್ತರ–ದಕ್ಷಿಣಕ್ಕೆ ಚಾಚಿದ ಡೈಕಂತೂ ನಡುವೆ ಹೆಚ್ಚೂಕಡಿಮೆ ಕಾಣಿಸುವುದೇ ಇಲ್ಲ, ತುದಿಗಳಲ್ಲಿ ಮಾತ್ರ ಸುಳಿವು ಕೊಡುತ್ತದೆ. ನಕ್ಷೆಯನ್ನು ಧ್ರುವಕ್ಕೆ ಇಳಿಸುವ (ಕಾಂತಧ್ರುವದಲ್ಲಿ ಅಳೆದಿದ್ದರೆ ಹೇಗಿರುತ್ತಿತ್ತೋ ಹಾಗೆ ಬದಲಿಸುವ) ಸಿದ್ಧ ಸೂತ್ರ ಈ ಅಕ್ಷಾಂಶದಲ್ಲಿ ಉತ್ತರ–ದಕ್ಷಿಣದ ಗೆರೆಗಳನ್ನು ಹುಟ್ಟಿಸುತ್ತದೆ. ಆ ಗೆರೆಗಳನ್ನು ಬಂಡೆಯೆಂದು ನಂಬಬೇಡಿ.

ಕೆಟ್ಟಾಗ

ಸಿಗ್ನಲ್ ಶುರುವಿನಲ್ಲಿ ದಪ್ಪಗಿದ್ದು ಅರ್ಧ ಸೆಕೆಂಡಿನಲ್ಲೇ ಸತ್ತರೆ ಜಾಗದ ಏರುಪೇರು ಕಾರಣ. ಮೀಟರಿಗೆ 100 ನ್ಯಾನೋಟೆಸ್ಲಾ ಬದಲಾಗುವಲ್ಲಿ 15 ಸೆಂಮೀ ದೂರದ ಎರಡು ಬಾಟಲಿಗಳ ಆವರ್ತನ 0.6 ಹರ್ಟ್ಜ್ ಬೇರೆಯಾಗಿ, ಸೆಕೆಂಡಿನೊಳಗೆ ಒಂದನ್ನೊಂದು ಅಳಿಸುತ್ತವೆ. ಎಲ್ಲ ಕಡೆಯೂ ಹೀಗಾದರೆ ನೀರು ಕೆಟ್ಟಿದೆ ಅಥವಾ ತಲೆಯೊಳಗೆ ಕಬ್ಬಿಣವಿದೆ. ಶುರುವಿನಿಂದಲೇ ಸಿಗ್ನಲ್ ತೆಳ್ಳಗಿದ್ದರೆ ಬ್ಯಾಟರಿ, ಮಾಸ್ಫೆಟ್, ಟ್ಯೂನಿಂಗ್ ಈ ಕ್ರಮದಲ್ಲಿ ನೋಡಿ. ಮಳೆಗಾಲದಲ್ಲಿ ಗದ್ದಲ ತಾನಾಗಿ ಏರಿದರೆ ಕನೆಕ್ಟರಿನೊಳಗೆ ತೇವ ಸೇರಿದೆ, ಒಣಗಿಸಿ ಗ್ರೀಸ್ ಹಾಕಿ.

ಗೂಟವೇ ಹೋದರೆ, ಅಂದರೆ ರಸ್ತೆ ಅಗಲವಾಗಿ ಕಲ್ಲು ಕಿತ್ತುಹೋದರೆ, ಹೊಸದನ್ನು ಪಕ್ಕದಲ್ಲಿ ನೆಟ್ಟು ಹಳೆಯ ಹೆಸರು ಕೊಡಬೇಡಿ. ಹೊಸ ಹೆಸರು, ಹೊಸ ಸ್ಥಿರಾಂಕ. ಪ್ರತಿ ಗೂಟಕ್ಕೂ ಮೊದಲೇ 30–50 ಮೀಟರ್ ದೂರದಲ್ಲಿ ಎರಡು ಸಾಕ್ಷಿ ಬಿಂದು ಗುರುತಿಸಿ ವ್ಯತ್ಯಾಸ ಬರೆದಿಟ್ಟಿದ್ದರೆ ಮಾತ್ರ ಹಳೆಯ ಸರಣಿಯನ್ನು ಹೊಸದಕ್ಕೆ ಜೋಡಿಸಬಹುದು. ಎರಡು ಸಾಕ್ಷಿಗಳೂ ಒಂದೇ ಅಂತರ ಹೇಳಿದರೆ ಜೋಡಿಸಿ, ಹೇಳದಿದ್ದರೆ ಹಳೆಯ ಸರಣಿಯನ್ನು ಅಲ್ಲಿಗೇ ಮುಗಿಸಿ.